ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಪತ್ರ ಬಂದ ದಿನ ನಾನು ಜಹೀರಾಬಾದಿನ ಕಚೇರಿಯಲ್ಲಿ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದೆ. ಕಚೇರಿ ಎಂದರೆ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಹೈದರಾಬಾದಿನ ಒಂದು ತೆಲುಗು ದಿನಪತ್ರಿಕೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರು ಊರುಗಳ ಸುದ್ದಿಯ ಹೊಣೆ ನನ್ನದಾಗಿತ್ತು. ಬರೆಯುವುದು ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ಬಜಾರಿನ ಮಾತು ದಖನಿ ಉರ್ದುವಿನಲ್ಲಿ. ನಮ್ಮ ಕಡೆ ಇದೇನು ವಿಶೇಷವಲ್ಲ.

ಕಾಲು ಮುರಿದದ್ದು ತಾಂಡೂರು ಸ್ಟೇಷನ್ನಿನಲ್ಲಿ. ತೆಲಂಗಾಣ ರಾಜ್ಯಕ್ಕಾಗಿ ರೈಲು ತಡೆ ನಡೆದಿತ್ತು. ಪೊಲೀಸರು ಲಾಠಿ ಎತ್ತಿದಾಗ ಜನ ಓಡಿದರು, ನಾನೂ ಓಡಿದೆ. ಯಾರೂ ನನ್ನನ್ನು ತಳ್ಳಲಿಲ್ಲ. ಹಿಂದೆ ನೋಡುತ್ತ ಓಡಿದ್ದರಿಂದ ಪ್ಲಾಟ್‌ಫಾರ್ಮಿನ ಅಂಚು ಕಾಣದೆ ಹಳಿಯ ಮೇಲೆ ಬಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಹಿಮ್ಮಡಿಯನ್ನು ಒತ್ತಿ ಕೆಳಗೆ ತಳ್ಳಿದರೆ ನೋವು ಮೊಣಕಾಲಿನವರೆಗೆ ಏರುತ್ತಿತ್ತು.

ಪತ್ರ ಇಂಗ್ಲಿಷಿನಲ್ಲಿತ್ತು. ಚಳವಳಿಯ ವರ್ಷಗಳಲ್ಲಿ ಪತ್ರಿಕೆಯ ಮಾರಾಟ ಏರಿತ್ತು, ಆಡಳಿತದವರು ಖುಷಿಯಲ್ಲಿದ್ದರು. ಒಂದಕ್ಕಿಂತ ಹೆಚ್ಚು ಊರುಗಳ ಹೊಣೆ ಹೊತ್ತವರು ಪಟ್ಟಿಯಲ್ಲಿರುವ ಗಾಡಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದು ಬರೆದಿದ್ದರು. ಹಿಂದಿನ ದಿನವೇ ಮುಖ್ಯ ಕಚೇರಿಯ ಸಿಬ್ಬಂದಿ ವಿಭಾಗದಿಂದ ಒಬ್ಬ ಯುವಕ ಫೋನು ಮಾಡಿದ್ದ. "ಸರ್, ದಯವಿಟ್ಟು ಬೋರು ಹೊಡೆಸುವ ಗಾಡಿ ಬೇಡ. ಓಡಿಸೋದಕ್ಕೆ ಮಜಾ ಇರೋದು ತಗೊಳ್ಳಿ. ನಿಮ್ಮ ಕಾಲಿನ ಸಲುವಾಗಿ ಆಟೊಮ್ಯಾಟಿಕ್ ಕೂಡ ಪಟ್ಟಿಗೆ ಸೇರಿಸಿದ್ದೇವೆ" ಎಂದು ತೆಲುಗಿನಲ್ಲಿ ಹೇಳಿದ್ದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಪತ್ರದ ಕೊನೆಯಲ್ಲಿ ಎರಡು ಸಾಲಿನ ಒಂದು ಷರತ್ತು ಇತ್ತು. ಗೇರಿನ ಗಾಡಿ ಆರಿಸಿಕೊಂಡರೆ ಈಗಿರುವ ಚಾಲಕ ಮುಂದುವರಿಯುತ್ತಾನೆ. ಆಟೊಮ್ಯಾಟಿಕ್ ಆರಿಸಿಕೊಂಡವರು ತಾವೇ ಓಡಿಸಿಕೊಳ್ಳಬೇಕು; ಅವರು ಓಡಿಸಲು ರೂಢಿಯಾದ ಮೇಲೆ ಹಳೆಯ ಗಾಡಿಯನ್ನೂ ಚಾಲಕನ ಹುದ್ದೆಯನ್ನೂ ಹಿಂದಕ್ಕೆ ಪಡೆಯಲಾಗುವುದು.

ನಮ್ಮ ಚಾಲಕರು ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಝರಾಸಂಗಂ ಹತ್ತಿರದ ಹಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕಚೇರಿಯ ಜೀಪನ್ನು ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದರು. ಅದಕ್ಕೂ ಮೊದಲು ಇಪ್ಪತ್ತು ವರ್ಷ ತಾಂಡೂರಿನಿಂದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿ ಓಡಿಸಿದ್ದರು. ಲಾರಿಯ ಕ್ಲಚ್ಚು ತುಳಿದು ತುಳಿದು ಬೆನ್ನಿನ ಕೆಳಗಿನ ಎಲುಬು ಸರಿದು, ಎಡಗಾಲು ಜೋಮು ಹಿಡಿಯುತ್ತಿತ್ತು. ಮತ್ತೆ ಲಾರಿ ಹತ್ತಿದರೆ ಕಾಲು ಪೂರ್ತಿ ಹೋದೀತು ಎಂದು ಡಾಕ್ಟರು ಹೇಳಿದ್ದರು. ಅಂಗಿಯ ಕೆಳಗೆ ಸೊಂಟಕ್ಕೆ ಸದಾ ಅಗಲವಾದ ಪಟ್ಟಿ ಕಟ್ಟಿರುತ್ತಿದ್ದರು. ಜೀಪಿನ ಕ್ಲಚ್ಚನ್ನು ತಾವೇ ಬಿಚ್ಚಿ ಹಗುರ ಮಾಡಿಕೊಂಡಿದ್ದರು. "ಕಲ್ಲ ಒಡ್ದು ತಿಂತೀನಿ ಬೇಕಾದ್ರ, ಕಲ್ಲಿನ ಲಾರಿ ಹತ್ತಂಗಿಲ್ರಿ" ಎನ್ನುವುದು ಅವರ ಮಾತು. ಜೀಪಿನ ಆ ಸೀಟು ಅವರಿಗೆ ಎಂಥದ್ದು ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

"ಏನ್ ಬರ್ದಾರ್ರಿ ಸಾಹೇಬ್ರ? ಜೀಪ್ ಕಸ್ಕೊತಾರೇನು?"

"ಹೊಸ ಗಾಡಿ ಕೊಡ್ತಾರಂತ ಕಾಕಾ. ಆರಿಸ್ಕೊಳ್ರಿ ಅಂದಾರ."

"ನಮಗ? ಆರ್ಸಾಕ? ಏನ್ ಹೊಟ್ಟಿ ಗಿಟ್ಟಿ ನೋಯ್ತದೇನ್ರಿ ಅವರಿಗಿ? ಓದ್ರಿ, ಪೂರಾ ಓದ್ರಿ."

ಅವರು ಸ್ಟೂಲಿನ ಪಕ್ಕ ಕೂತರು. ನಾನು ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಗಾಡಿಗಳ ಪಟ್ಟಿ, ಶೋರೂಮಿನ ವಿಳಾಸ, ಸಹಿ ಮಾಡಬೇಕಾದ ನಮೂನೆ. ಕೊನೆಯ ಎರಡು ಸಾಲು ಓದಲಿಲ್ಲ. ಪತ್ರವನ್ನು ಮಡಚಿದೆ.

ವೃತ್ತಿಗೆ ಸೇರಿದ ಹೊಸದರಲ್ಲಿ ನನ್ನ ಮೊದಲ ಸಂಪಾದಕರು ಹೇಳಿಕೊಟ್ಟದ್ದು ಒಂದೇ: ಕಂಡದ್ದನ್ನು ಬರೆ, ಕಂಡದ್ದರಲ್ಲಿ ಬಿಡಬೇಡ. ಅದನ್ನು ಇಪ್ಪತ್ತು ವರ್ಷ ಪಾಲಿಸಿದ್ದೆ ಎಂಬ ಹೆಮ್ಮೆ ನನಗಿತ್ತು.

ಯಾಕೆ ಬಿಟ್ಟೆ ಎಂಬುದಕ್ಕೆ ಆಮೇಲೆ ಹಲವು ಕಾರಣ ಹುಡುಕಿದೆ. ಯಾವುದೂ ನಿಲ್ಲಲಿಲ್ಲ. ಆ ಗಾಡಿ ನನಗೆ ಬೇಕಿತ್ತು, ಅಷ್ಟೇ. ತಿಂಗಳುಗಟ್ಟಲೆ ಎತ್ತಿದಲ್ಲಿ ಎತ್ತಿಸಿಕೊಂಡು, ಇಳಿಸಿದಲ್ಲಿ ಇಳಿಸಿಕೊಂಡು ಓಡಾಡಿದವನಿಗೆ, ನಾರಾಯಣಖೇಡದ ದಾರಿಯಲ್ಲಿ ಒಬ್ಬನೇ ಗಾಡಿ ಓಡಿಸಿಕೊಂಡು ಹೋಗುವ ಆಸೆ ಹುಟ್ಟಿತ್ತು.

ಆ ದಿನಗಳಲ್ಲಿ ನಮ್ಮ ದಾರಿಗಳ ಸ್ಥಿತಿ ಹೇಗಿತ್ತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ವಾರಕ್ಕೊಮ್ಮೆಯಾದರೂ ಬಂದ್ ಅಥವಾ ರಸ್ತೆ ತಡೆ. ಅದರಲ್ಲಿ ಒಂದು ಬಗೆಯೆಂದರೆ, ನಡುರಸ್ತೆಯಲ್ಲಿ ಒಲೆ ಹೂಡಿ, ದೊಡ್ಡ ಹಂಡೆಗಳಲ್ಲಿ ಅನ್ನ-ಬೇಳೆ ಬೇಯಿಸಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು. ವಾಹನಗಳು ಎರಡೂ ಕಡೆ ನಿಲ್ಲುತ್ತಿದ್ದವು. ಅಲ್ಲಿಗೆ ಬಂದವರು ಕೂತು ನಾಲ್ಕು ತುತ್ತು ಉಂಡರೆ ನಮ್ಮವರೆಂದು ಲೆಕ್ಕ, ಸಣ್ಣ ಗಾಡಿಯಾದರೆ ಬದಿಯಿಂದ ದಾರಿ ಬಿಡುತ್ತಿದ್ದರು. ಉಣ್ಣದವರು ಸಂಜೆಯವರೆಗೆ ನಿಲ್ಲಬೇಕು.

ನಾನು ಉಣ್ಣುತ್ತಿರಲಿಲ್ಲ. ಯಾವ ಪಕ್ಷದ, ಯಾವ ಚಳವಳಿಯ ಅನ್ನವನ್ನೂ ವರದಿಗಾರ ಉಣ್ಣಬಾರದು ಎಂಬುದು ನನ್ನ ನಿಯಮ. ಕಾಕಾ ಜೀಪನ್ನು ದೂರದಲ್ಲೇ ನಿಲ್ಲಿಸಿ, ಇಳಿದು, ಸೊಂಟ ಹಿಡಿದುಕೊಂಡು ನಡೆದು ಹೋಗಿ ಸಾಲಿನಲ್ಲಿ ಕೂತು ಉಂಡು ಬರುತ್ತಿದ್ದರು. ಅಷ್ಟರಲ್ಲಿ ನಾನು ಜನರನ್ನು ಮಾತಾಡಿಸಿ ಬರೆದುಕೊಳ್ಳುತ್ತಿದ್ದೆ. ದಾರಿ ಬಿಡುತ್ತಿದ್ದರು. ಒಮ್ಮೆ ಒಂದೇ ದಿನ ಮೂರು ಕಡೆ ತಡೆ ಇತ್ತು, ಮೂರು ಕಡೆಯೂ ಉಂಡರು.

"ಸಾಹೇಬ್ರ, ನಿಮ್ಮ ನಿಯಮಾ ನನ್ನ ಹೊಟ್ಟಿ ಮ್ಯಾಲ ನಡೀಲಾಕತ್ತದ" ಎಂದು ಹೊಟ್ಟೆ ಸವರಿಕೊಂಡು ನಕ್ಕರು. ನಾನೂ ನಕ್ಕೆ.

ಶೋರೂಮು ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ಹೆದ್ದಾರಿಯ ಬದಿಗೆ ಇತ್ತು. ಜೀಪಿನಲ್ಲೇ ಹೋದೆವು. ಪಟ್ಟಿಯಲ್ಲಿದ್ದ ಮೂರು ಗಾಡಿ ತೋರಿಸಿದರು. ಎತ್ತರದ ಬಿಳಿಯದು, ಉದ್ದನೆಯ ಬೂದು ಬಣ್ಣದ್ದು, ಇವೆರಡೂ ಗೇರಿನವು. ಮೂರನೆಯದು ಪುಟ್ಟ ಕೆಂಪು ಗಾಡಿ, ಆಟೊಮ್ಯಾಟಿಕ್. ಕಾಕಾ ಮೂರರ ಸುತ್ತಲೂ ಎತ್ತಿನ ಸಂತೆಗೆ ಬಂದವರಂತೆ ಸುತ್ತಿದರು. ಬಿಳಿಯದರ ಬಾಗಿಲು ಬಡಿದು, "ಇದ್ರಾಗ ಕುಂತ್ರ ನಿಮ್ಮನ್ನ ಎಮ್ಮೆಲ್ಲೆ ಅಂತ ತಿಳ್ಕೊಂಡು ಕಲ್ಲ ಒಗೀತಾರ" ಎಂದರು. ಬೂದು ಬಣ್ಣದ್ದನ್ನು ನೋಡಿ, "ಹೆಣಾ ಒಯ್ಯೋ ಗಾಡಿ ಹಂಗ ಅದ" ಎಂದರು. ಕೆಂಪಿನ ಮುಂದೆ ಸುಮ್ಮನೆ ನಿಂತರು.

ಮೊದಲು ಅವರೇ ಓಡಿಸಲಿ ಎಂದೆ. ಶೋರೂಮಿನ ಯುವಕ ಪಕ್ಕದಲ್ಲಿ, ನಾನು ಹಿಂದೆ. ಸರ್ವಿಸ್ ರಸ್ತೆಗೆ ಬಂದು ಸ್ವಲ್ಪ ವೇಗ ಏರಿದೊಡನೆ ಕಾಕಾ ಗೇರು ಬದಲಿಸಲು ಎಂದಿನಂತೆ ಎಡಗಾಲು ಒತ್ತಿದರು. ಅಲ್ಲಿ ಕ್ಲಚ್ಚಿರಲಿಲ್ಲ, ಅಗಲವಾದ ಬ್ರೇಕಿತ್ತು. ಗಾಡಿ ಗಕ್ಕನೆ ನಿಂತಿತು. ಯುವಕನ ಹಣೆ ಗಾಜಿಗೆ ಒಂದು ಗೇಣು ದೂರದಲ್ಲಿ ತಡೆಯಿತು.

"ಏ ತಮ್ಮಾ, ಕ್ಲಚ್ ಎಲ್ಲಿ ಹೋಗ್ಯಾದೋ?"

"ನೈ ರಹತಾ ಚಾಚಾ, ಇಸ್ಮೆ ನೈ ರಹತಾ. ಇದರಲ್ಲಿ ಕ್ಲಚ್ಚೇ ಇರೋದಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ."

"ಮೂವತ್ನಾಕ್ ವರ್ಷ ಚಾಕ್ರಿ ಮಾಡ್ಯಾದ ಈ ಕಾಲ. ಒಮ್ಮಿಗೇ ರಿಟೈರ್ ಆಗು ಅಂದ್ರ ಕೇಳ್ತದೇನು?"

ಯುವಕ ಜೋರಾಗಿ ನಕ್ಕ. ಕಾಕಾ ಮತ್ತೆ ಹೊರಟರು, ಮತ್ತೆ ಅದೇ ಮಾಡಿದರು. ನಾಲ್ಕನೇ ಸಲಕ್ಕೆ ಇಳಿದು ನನ್ನನ್ನು ಕೂರಿಸಿದರು.

ಲೈಸೆನ್ಸ್ ಇದ್ದರೂ ನಾನು ಗಾಡಿ ಓಡಿಸಿ ವರ್ಷಗಳಾಗಿದ್ದವು. ನನ್ನ ಎಡಗಾಲು ತಿಂಗಳುಗಳಿಂದ ಏನೂ ಮಾಡದೆ ಇದ್ದದ್ದರಿಂದ ಅದಕ್ಕೆ ಮರೆಯಬೇಕಾದ್ದು ಏನೂ ಇರಲಿಲ್ಲ. ಬ್ರೇಕಿನಿಂದ ಕಾಲು ತೆಗೆದೆ. ಏನನ್ನೂ ಒತ್ತದೆ ಇದ್ದರೂ ಗಾಡಿ ತಾನಾಗಿ ಮೆಲ್ಲಗೆ ಮುಂದೆ ಸರಿಯಿತು. ಒತ್ತಿದರೆ ಚಿಗರಿಯಂತೆ ನೆಗೆಯಿತು. ಎರಡು ಸಲ ಸುಮ್ಮನೆ, ಬೇಕೆಂದೇ, ದೂರದವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಆವತ್ತು ಮಜಾ ಬಂದದ್ದು ಸುಳ್ಳಲ್ಲ. ಅದನ್ನೂ ಬರೆಯಬೇಕು.

ಇಳಿದಾಗ ಕಾಕಾ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಕೆಂಪದೇ ತಗೋರಿ ಸಾಹೇಬ್ರ. ನಿಮ್ಮ ಕಾಲೂ ಉಳೀತದ, ನನ್ನ ನಡಾನೂ ಉಳೀತದ. ಕ್ಲಚ್ ತುಳ್ಯೋದೇ ಇಲ್ಲಂದ್ರ ಇನ್ನ ಹತ್ತು ವರ್ಷ ಓಡಸ್ತೀನಿ ನೋಡ್ರಿ."

ಹೇಳಬೇಕಾದರೆ ಅದೇ ಹೊತ್ತಿಗೆ ಹೇಳಬೇಕಿತ್ತು. ನಮೂನೆ ಮೇಜಿನ ಮೇಲಿತ್ತು. ನಾನು ಸಹಿ ಮಾಡಿದೆ.

ಮರುದಿನ ಸಿಬ್ಬಂದಿ ವಿಭಾಗದ ಯುವಕನಿಗೆ ಫೋನು ಮಾಡಿ, ಹಳೆಯ ಚಾಲಕನಿಗೆ ಬೇರೆ ಎಲ್ಲಾದರೂ ಜಾಗ ಸಿಗುತ್ತದೆಯೇ ಎಂದು ಕೇಳಿದೆ. "ನೋಡೋಣ ಸರ್" ಎಂದ. ತಹಸೀಲ್ದಾರರು, ಎಂಜಿನಿಯರುಗಳು, ಪೊಲೀಸ್ ಅಧಿಕಾರಿಗಳು ಸಾವಿರ ಸಲ ನನಗೆ ಈ ಮಾತು ಹೇಳಿದ್ದಾರೆ. ಒಂದು ಸಲವೂ ನಾನು ಅದನ್ನು ಭರವಸೆ ಎಂದು ಅಚ್ಚಿಗೆ ಕಳಿಸಿದವನಲ್ಲ. ಈ ಸಲ ಭರವಸೆ ಎಂದು ಇಟ್ಟುಕೊಂಡೆ.

ಕೆಂಪು ಗಾಡಿ ಜಹೀರಾಬಾದಿಗೆ ಬಂತು. ಜೀಪೂ ಇತ್ತು, ಕಾಕಾ ಕೂಡ ಇದ್ದರು. ನನಗೆ ಓಡಿಸಲು ಕಲಿಸುವುದನ್ನು ಅವರೇ ತಲೆಗೆ ಹಚ್ಚಿಕೊಂಡರು. ಬಂದ್ ಇದ್ದ ದಿನ ಮುಂಬೈ ಹೆದ್ದಾರಿ ಖಾಲಿ. ನಡುರಸ್ತೆಯಲ್ಲಿ ನಾಯಿಗಳು ಕಾಲು ಚಾಚಿ ಮಲಗಿರುತ್ತಿದ್ದವು. ಅಂಥ ಬೆಳಗುಗಳಲ್ಲಿ ನಮ್ಮ ಪಾಠ. ಅವರು ಮೊದಲು ಮಾಡಿದ್ದು ನನ್ನ ಎಡಗಾಲಿನ ಚಪ್ಪಲಿ ತೆಗೆಸಿದ್ದು.

"ಬಲಗಾಲಿಗಿ ಚಪ್ಲಿ ಇರ್ಲಿ. ಎಡಗಾಲ ಬರಿಗಾಲ. ಬರಿಗಾಲ ಅಂದ್ರ ಅದಕ್ಕ ಮನಿಯಾಗ ಕುಂತೀನಿ ಅಂತ ಅನಸ್ತದ, ಸುಮ್ನ ಇರ್ತದ."

ಈ ಉಪಾಯ ಅವರು ತಮಗಾಗಿ ಕಂಡುಹಿಡಿದದ್ದು. ಕಚೇರಿಯ ಹಿಂದಿನ ಬಯಲಿನಲ್ಲಿ ಅವರು ಒಬ್ಬರೇ ಅಭ್ಯಾಸ ಮಾಡುವುದನ್ನು ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಗಾಡಿ ಹತ್ತು ಮಾರು ಹೋಗುವುದು, ಗಕ್ಕನೆ ನಿಲ್ಲುವುದು. ಮತ್ತೆ ಹತ್ತು ಮಾರು, ಮತ್ತೆ ಗಕ್ಕನೆ. ಬರಿಗಾಲು ನನಗೆ ಫಲಿಸಿತು, ಅವರಿಗೆ ಫಲಿಸಲಿಲ್ಲ. ಮೇಲೆ ಬಂದು ನೀರು ಕುಡಿದು, "ಇನ್ನ ಎಂಟು ದಿನ ಕೊಡ್ರಿ ಸಾಹೇಬ್ರ, ನಾನೂ ಪಕ್ಕಾ ಆಗ್ತೀನಿ" ಎನ್ನುತ್ತಿದ್ದರು. ಕಲಿಯದಿದ್ದರೆ ನಾನು ಬೇಜಾರು ಮಾಡಿಕೊಂಡೇನು ಎಂಬ ಅಂಜಿಕೆ ಆ ಮಾತಿನಲ್ಲಿತ್ತು. "ಅವಸರ ಇಲ್ಲ ಕಾಕಾ" ಎನ್ನುತ್ತಿದ್ದೆ.

ಮುಖ್ಯ ಕಚೇರಿಯಿಂದ ಫೋನು ಬಂದಾಗ ನಾನು ನಾರಾಯಣಖೇಡಕ್ಕೆ ಒಬ್ಬನೇ ಹೋಗಿ ಬಂದು ಮೂರು ದಿನವಾಗಿತ್ತು. ಮನೂರಿನ ಕಡೆ ಜೋಳದ ಹೊಲಗಳ ನಡುವೆ ಗಾಡಿ ಓಡಿಸಿ ಬಂದಿದ್ದೆ. "ಓಡಿಸಲು ರೂಢಿಯಾಯಿತೇ ಸರ್?" ಎಂದ ಯುವಕ. ಆಯಿತು ಎಂದೆ. ನಿಜವನ್ನೇ ಹೇಳಿದ್ದೆ.

ಜೀಪನ್ನು ಒಯ್ಯಲು ಹೈದರಾಬಾದಿನಿಂದ ಒಬ್ಬ ಬಂದ. ಜೀಪು ಹೋಗುತ್ತದೆ ಎಂದು ಮಾತ್ರ ಕಾಕಾಗೆ ಹೇಳಿದ್ದೆ. ಬೆಳಗ್ಗೆಯೇ ಅದನ್ನು ತೊಳೆದು ಒರೆಸಿ ನಿಲ್ಲಿಸಿದ್ದರು. ಗಾಜಿನ ಕೆಳಗೆ ಅಂಟಿಸಿದ್ದ ಝರಾಸಂಗಂ ದೇವರ ಪಟವನ್ನು ಉಗುರಿನಿಂದ ಹುಷಾರಾಗಿ ಬಿಡಿಸಿ ಕೆಂಪು ಗಾಡಿಯೊಳಗೆ ಅಂಟಿಸಿದರು. ಬಂದವನು ಕೀಲಿ ತೆಗೆದುಕೊಂಡು, ಜೇಬಿನಿಂದ ಇನ್ನೊಂದು ಕಾಗದ ತೆಗೆದ.

"ಚಾಚಾ, ಇದರ ಮೇಲೂ ಒಂದು ಸಹಿ. ಗುರುತಿನ ಚೀಟಿ ವಾಪಸ್ ಕೊಡಿ."

"ಚೀಟಿ ಯಾಕೋ? ಜೀಪಿಗಿ ಚೀಟಿ ಹತ್ತಂಗಿಲ್ಲ."

ಅವನು ನನ್ನ ಮುಖ ನೋಡಿದ. ಕಾಕಾ ಕೂಡ ನೋಡಿದರು. ಬಂದವನು ಕಾಗದದಲ್ಲಿ ಏನಿದೆ ಎಂದು ದಖನಿಯಲ್ಲಿ ಎರಡೇ ಮಾತಿನಲ್ಲಿ ಹೇಳಿ, ಜೀಪಿನ ಟೈರು ನೋಡುವವನಂತೆ ಆಚೆ ಹೋದ.

"ಸಾಹೇಬ್ರ, ಅವತ್ತು ನೀವು ಓದಿದ ಕಾಗದದಾಗ ಇದು ಬರ್ದಿತ್ತೇನ್ರಿ?"

"ಬರ್ದಿತ್ತು ಕಾಕಾ."

"ನೀವು ಓದಿದ್ರಿ?"

"ಓದಿದ್ದೆ."

ಕಾಕಾ ಕೆಂಪು ಗಾಡಿಯ ಕಡೆ ತಿರುಗಿ ನೋಡಿದರು. ಆಮೇಲೆ, "ಬಿಳೀದು ತಗೊಂಡಿದ್ರ ನಾ ಇರ್ತಿದ್ನ್ಯಾ?" ಎಂದು ಕೇಳಿದರು.

"ಇರ್ತಿದ್ರಿ."

"ಆ ಹೆಣದ ಗಾಡಿ ತಗೊಂಡಿದ್ರೂ?"

"ಹೌದು."

"ಕೆಂಪದೇ ತಗೋರಿ ಅಂತ ನಾನೇ ಅಂದೆ ಹೌದಿಲ್ರಿ" ಎಂದರು. ಬೈದಿದ್ದರೆ ಅದನ್ನೂ ಬರೆಯುತ್ತಿದ್ದೆ, ಬೈಯಲಿಲ್ಲ. ಗೋಡೆಗೆ ಒರಗಿ ಸಹಿ ಮಾಡಿದರು, ಗುರುತಿನ ಚೀಟಿ ಬಿಚ್ಚಿ ಕೊಟ್ಟರು. ನಾನು ಮಾತಾಡಿ ಏನಾದರೂ ಮಾಡಿಸುತ್ತೇನೆ ಎಂದೆ. "ನೋಡ್ರಿ" ಎಂದರು. ಕೆಂಪು ಗಾಡಿಯಲ್ಲಿ ಅಂಟಿಸಿದ ಪಟ ನೆನಪಿಸಿದೆ. "ಇರ್ಲಿ. ಅದು ಗಾಡಿದು" ಎಂದು ರಸ್ತೆ ದಾಟಿ ಝರಾಸಂಗಂ ಬಸ್ಸಿಗೆ ಹೋದರು.

ಮುಖ್ಯ ಕಚೇರಿಗೆ ನಾಲ್ಕು ಸಲ ಫೋನು ಮಾಡಿದೆ. ಎರಡು ಸಲ 'ನೋಡೋಣ', ಒಂದು ಸಲ 'ಕಷ್ಟ'. ನಾಲ್ಕನೆಯ ಸಲ ಆ ಯುವಕನೇ ಕೆಲಸ ಬಿಟ್ಟು ಹೋಗಿದ್ದ.

ಬೇಸಿಗೆ ಶುರುವಾಗಿತ್ತು. ತಾಂಡೂರಿನ ತೊಗರಿ ಮಾರುಕಟ್ಟೆಯ ಸುದ್ದಿಗೆಂದು ಹೊರಟಿದ್ದೆ. ಊರು ಇನ್ನೂ ನಾಲ್ಕು ಮೈಲಿ ಇರುವಾಗ ರಸ್ತೆಗೆ ಅಡ್ಡವಾಗಿ ಎತ್ತಿನ ಬಂಡಿ ನಿಲ್ಲಿಸಿ ಒಲೆ ಹೂಡಿದ್ದರು. ಹಂಡೆಯಿಂದ ಹೊಗೆ, ಡೋಲು, ಘೋಷಣೆ. ಎದುರಿನಿಂದ ಬಂದ ಕಲ್ಲಿನ ಲಾರಿಗಳು ಕಣ್ಣಿಗೆ ಕಾಣುವವರೆಗೂ ನಿಂತಿದ್ದವು. ನಾನು ಕೆಂಪು ಗಾಡಿಯನ್ನು ಜನರ ಅಂಚಿನವರೆಗೆ ತಂದು ನಿಲ್ಲಿಸಿದೆ. ಕೊರಳಿಗೆ ಗುಲಾಬಿ ಬಣ್ಣದ ಶಾಲು ಹಾಕಿಕೊಂಡ ಒಬ್ಬ ಬಾಗಿಲ ಹತ್ತಿರ ಬಂದ.

"ಇಳೀರಿ, ಊಟಾ ಮಾಡ್ರಿ. ತೆಲಂಗಾಣದ ಅನ್ನ."

ಪತ್ರಿಕೆಯವನು ಎಂದು ಹೇಳಿ, ಕಾರ್ಡು ತೋರಿಸಿದೆ.

"ಪೇಪರದೋರಿಗಿ ಹೊಟ್ಟಿ ಇರಂಗಿಲ್ಲೇನ್ರಿ? ನಾಕ್ ತುತ್ತು ಉಣ್ರಿ, ಹೋಗ್ರಿ."

ಇಂಥ ಕಡೆ ನಾನು ಒಬ್ಬನೇ ಬಂದದ್ದು ಅದೇ ಮೊದಲು. ಇಷ್ಟು ವರ್ಷ ನನ್ನ ನಿಯಮ ಎಂದು ಕರೆದುಕೊಂಡದ್ದು ಏನೆಂದು ಆಗ ತಿಳಿಯಿತು. ಉಣ್ಣುವುದಿಲ್ಲ ಎಂದೆ. ಇನ್ನೂ ನಾಲ್ವರು ಸುತ್ತ ಸೇರಿದರು. ಒಬ್ಬ ಗಾಡಿಯ ತಲೆಯ ಮೇಲೆ ಅಂಗೈಯಿಂದ ಬಡಿದ, ಜೋರಾಗಿ ಅಲ್ಲ. "ಎಷ್ಟ್ ಚಂದ ಗಾಡಿ, ಯಾರ್ ಕೊಟ್ರು?" ಎಂದು ಇನ್ನೊಬ್ಬ ಕೇಳಿದ.

ಉಣ್ಣುವವರ ಸಾಲಿನಿಂದ ಒಬ್ಬರು ಎಂಜಲು ಕೈ ಎತ್ತಿ ಹಿಡಿದು ಎದ್ದು ಬಂದರು. ಬಗ್ಗಿದ ಸೊಂಟ ನೋಡಿ ಮೊದಲು ಗುರುತಾಯಿತು. ಕೂದಲಿನ ಮೇಲೆ ಕಲ್ಲಿನ ಬಿಳಿ ಧೂಳು ಕೂತಿತ್ತು.

"ಅವರು ಉಣ್ಣಂಗಿಲ್ರೋ" ಎಂದರು ಕಾಕಾ. "ಯಾರ ಮನೀದೂ ಉಣ್ಣಂಗಿಲ್ಲ. ಅವರ ಪಾಲಿಂದು ನಾ ಉಂಡೀನಿ. ಬಿಡ್ರಿ."

"ನಿನಗ್ಯಾಂಗ ಗೊತ್ತೋ ಇವರು?"

"ಗೊತ್ತದ, ಬಿಡ್ರಿ ಅಂದ್ನಲ್ಲ."

ಅವರು ಕಿಟಕಿಯೊಳಗೆ ಬಗ್ಗಿ ನೋಡಿದರು. ಮೊದಲು ದೇವರ ಪಟ, ಆಮೇಲೆ ಕೆಳಗೆ ನನ್ನ ಕಾಲು. ಎಡಗಾಲಿನ ಚಪ್ಪಲಿ ಸೀಟಿನ ಹಿಂದೆ ಬಿದ್ದಿತ್ತು.

"ಇನ್ನೂ ಬರಿಗಾಲಲೇ ಓಡಸ್ತೀರೇನ್ರಿ?"

"ಹೌದು ಕಾಕಾ. ನಿಮ್ಮ ನಡ ಹೆಂಗದ?"

"ಅದ" ಎಂದರು. "ಹೋಗ್ರಿ, ಬಂಡಿ ಸರಸ್ಯಾರ. ಮತ್ತ ಅಡ್ಡ ಹಾಕ್ತಾರ."

ಬಂಡಿಯನ್ನು ಒಂದು ಗಾಡಿ ಹೋಗುವಷ್ಟು ಸರಿಸಿದ್ದರು. ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ತಾನಾಗಿ ಮುಂದೆ ಸರಿಯಿತು. ಬಂಡಿ ಮತ್ತೆ ಅಡ್ಡ ಬಂದದ್ದು ಕನ್ನಡಿಯಲ್ಲಿ ಕಾಣಿಸಿತು. ನಿಂತ ಲಾರಿಗಳ ಸಾಲನ್ನು ದಾಟುತ್ತ ಹೋದೆ. ನಾಲ್ಕನೆಯದೋ ಐದನೆಯದೋ ಖಾಲಿಯಾಗಿತ್ತು. ಚಾಲಕನ ಬಾಗಿಲು ತೆರೆದಿತ್ತು, ಸೀಟಿನ ಮೇಲೆ ಅಗಲವಾದ ಸೊಂಟದ ಪಟ್ಟಿ ಬಿಚ್ಚಿಟ್ಟಿತ್ತು. ಕ್ಲಚ್ಚಿನ ಕೆಳಗೆ ಒಂದು ಜೊತೆ ಚಪ್ಪಲಿ.

ಸಂಜೆ ತಾಂಡೂರಿನಿಂದ ವರದಿ ಕಳಿಸಿದೆ. ತೊಗರಿಯ ಧಾರಣೆ, ಅದರ ಕೆಳಗೆ ರಸ್ತೆ ತಡೆ: ಮಧ್ಯಾಹ್ನದಿಂದ ಸಂಜೆಯವರೆಗೆ ಕಲ್ಲು ಸಾಗಿಸುವ ಲಾರಿಗಳು ರಸ್ತೆಯಲ್ಲೇ ನಿಂತಿದ್ದವು, ಸಣ್ಣ ವಾಹನಗಳಿಗೆ ಅಡ್ಡಿಯಾಗಲಿಲ್ಲ. ಮರುದಿನ ಆ ಸುದ್ದಿ ಒಂದಕ್ಷರವೂ ಬದಲಾಗದೆ ಅಚ್ಚಾಯಿತು.